ಬೀಳಿಸಿದವನದೇ ಹಣ್ಣು

ನಮ್ಮ ಮನೆಯ ಅಕ್ಕಿ ಡ್ರಮ್ಮಿನ ಮೇಲೆ ಒಂದು ಚೆಂಡು ಕೂತಿದೆ. ಕೂತಿದೆ ಎನ್ನುವುದಕ್ಕಿಂತ ಮಲಗಿದೆ ಎನ್ನುವುದು ಸರಿ, ಯಾಕೆಂದರೆ ಅದು ಚೆಂಡಿನ ಹಾಗೆ ಗುಂಡಗಿಲ್ಲ. ಎರಡು ತುದಿ ಚೂಪು, ನಡು ದಪ್ಪ, ಬಣ್ಣ ಹಳೆಯ ಚಪ್ಪಲಿಯದು, ಹೊಟ್ಟೆಯ ಮೇಲೆ ಆಪರೇಷನ್ ಆದವರ ಹಾಗೆ ಬಿಳಿ ಹೊಲಿಗೆ. ನಿಲ್ಲಿಸಿದರೆ ನಿಲ್ಲುವುದಿಲ್ಲ, ಉರುಳಿಸಿದರೆ ಹೇಳಿದ ಕಡೆಗೆ ಹೋಗುವುದಿಲ್ಲ. ಈ ಗುಣಗಳನ್ನು ನೋಡಿ ನನ್ನ ಹೆಂಡತಿ ಲಲಿತ ಅದನ್ನು ನನ್ನ ಕಡೆಯ ನೆಂಟನೆಂದು ತೀರ್ಮಾನಿಸಿದ್ದಾಳೆ.

ಬಂದವರೆಲ್ಲ ಅದನ್ನು ಕಂಡು ಒಂದೊಂದು ಅಭಿಪ್ರಾಯ ಕೊಟ್ಟಿದ್ದಾರೆ. ಗ್ಯಾಸ್ ಸಿಲಿಂಡರ್ ತರುವವನು ಒಣಗಿದ ಹಲಸಿನಕಾಯಿ ಎಂದ. ಮಡಿಕೇರಿಯಿಂದ ಬಂದ ಲಲಿತನ ತಂಗಿ ಕಣಜದ ಗೂಡೆಂದು ಹೆದರಿ ಅಂಗಳದಲ್ಲೇ ನಿಂತು ಕಾಫಿ ಕುಡಿದಳು. ನಿವೃತ್ತ ಮೇಷ್ಟರೊಬ್ಬರು ಮಾತ್ರ ಕನ್ನಡಕ ಸರಿಮಾಡಿಕೊಂಡು, "ರಗ್ಬಿ," ಎಂದರು. ಹತ್ತಿರ ಬಂದರು, ಆದರೆ ಪಾಸಾಗಲಿಲ್ಲ. ಅದು ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದ ಚೆಂಡು.

ಡ್ರಮ್ಮಿನ ಮುಚ್ಚಳ ತೆಗೆಯಬೇಕಾದಾಗೆಲ್ಲ ಮನೆಯಲ್ಲಿ ಒಂದೇ ಸಂಭಾಷಣೆ ನಡೆಯುತ್ತದೆ.

"ರೀ, ಇದನ್ನ ಯಾರಿಗಾದ್ರೂ ಕೊಟ್ಟುಬಿಡಿ ಅಂದ್ರೆ ಕೇಳೋದೇ ಇಲ್ಲ ನೀವು."

"ಕೊಡೋ ಹಾಗಿಲ್ಲ ಕಣೆ. ಕಾನೂನಿದೆ."

"ಹೌದೌದು. ಮಾವನವರ ಕಾನೂನು. ಅವರು ಹೋಗಿ ಎಷ್ಟು ಕಾಲ ಆಯ್ತು."

ಕಾನೂನು ಮಾಡಿದವರು ಹೋದ ಮಾತ್ರಕ್ಕೆ ಕಾನೂನು ಹೋಗುವುದಿಲ್ಲ ಎಂಬ ಸೂಕ್ಷ್ಮ ಅವಳಿಗೆ ತಿಳಿಯದು. ನಿಮಗೆ ತಿಳಿಯಬೇಕಾದರೆ ಆ ಕಾನೂನಿನ ಚರಿತ್ರೆಯನ್ನು ಹೇಳಬೇಕು. ಅವಸರವಿದ್ದರೆ ಈಗಲೇ ಎದ್ದುಬಿಡಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ನೆಲ್ಯಹುದಿಕೇರಿಯ ಹೊಳೆದಂಡೆಯ ಈ ಎಸ್ಟೇಟಿಗೆ ನಮ್ಮಪ್ಪ ಹಾಸನದ ಕಡೆಯಿಂದ ರೈಟರ್ ಆಗಿ ಬಂದವರು. ರೈಟರ್ ಎಂದರೆ ಕತೆ ಕಾದಂಬರಿ ಬರೆಯುವವರಲ್ಲ. ಬೆಳಿಗ್ಗೆ ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಚೆಕ್‌ರೋಲ್ ಪುಸ್ತಕದಲ್ಲಿ ಬರೆಯುವವರು. ಮೂರನೆಯ ಕಲಮಿನಲ್ಲಿ ಕತೆ ಕಾದಂಬರಿಯ ಅಂಶ ಸ್ವಲ್ಪ ಬೆರೆಯುತ್ತಿತ್ತು, ಅಷ್ಟೇ. ಅವರ ನಂತರ ಆ ಕುರ್ಚಿ ನನಗೆ ಬಂತು. ಕುರ್ಚಿಯ ಒಂದು ಕಾಲು ಅವರ ಕಾಲದಲ್ಲೇ ಗಿಡ್ಡವಾಗಿತ್ತು. ನಾನು ನನ್ನ ಸೇವಾವಧಿಯುದ್ದಕ್ಕೂ ಸ್ವಲ್ಪ ಎಡಕ್ಕೆ ವಾಲಿಕೊಂಡೇ ಎಸ್ಟೇಟನ್ನು ಆಳಿದೆ.

ಎಸ್ಟೇಟಿನ ಬೇಲಿಯುದ್ದಕ್ಕೂ ಬಟರ್ ಫ್ರೂಟ್ ಮರಗಳು. ಬೆಣ್ಣೆಹಣ್ಣು ಎಂದು ಕನ್ನಡದಲ್ಲಿ ಹೇಳಬಹುದು, ಹೇಳಿದರೆ ನಮ್ಮ ಕಡೆ ಯಾರಿಗೂ ಗೊತ್ತಾಗುವುದಿಲ್ಲ. ಈಗ ಅದನ್ನು ಬ್ರೆಡ್ಡಿನ ಮೇಲೆ ಸವರಿ, ಮೊದಲು ಫೋಟೋ ತೆಗೆದು ಆಮೇಲೆ ತಿನ್ನುತ್ತಾರಂತೆ. ನಾನು ಚಿಕ್ಕವನಿದ್ದಾಗ ಅದನ್ನು ತಿನ್ನುತ್ತಿದ್ದವರು ಮೈಸೂರಿನ ದೊಡ್ಡ ಹೋಟೆಲುಗಳಲ್ಲಿ ಇಳಿಯುವವರು ಮಾತ್ರ. ನಮ್ಮ ಲೈನುಗಳಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ಅದಕ್ಕೆ ಸಾಬೂನುಕಾಯಿ ಎಂದು ಹೆಸರು.

ಈ ಹಣ್ಣಿಗೆ ಒಂದು ದುರ್ಗುಣವಿದೆ. ಕೊಯ್ಯುವಾಗ ಕಲ್ಲಿನ ಹಾಗೆ ಗಟ್ಟಿ. ನೆಲಕ್ಕೆ ಬಿದ್ದರೂ ಹೊರಗೆ ಏನೂ ಕಾಣುವುದಿಲ್ಲ, ಸಭ್ಯಸ್ಥನ ಹಾಗೆ ಸುಮ್ಮನಿರುತ್ತದೆ. ಮೂರನೆಯ ದಿನ ಒಳಗೊಳಗೇ ಕಪ್ಪಾಗಿ ಬುಟ್ಟಿಯಲ್ಲಿರುವ ಅಕ್ಕಪಕ್ಕದವರನ್ನೂ ಕೆಡಿಸುತ್ತದೆ. ಆದ್ದರಿಂದ ಮರದ ಮೇಲಿನವನು ಒಂದೊಂದೇ ಹಣ್ಣನ್ನು "ಪಿಡಿಚ್ಚೋ" ಎಂದು ಕೂಗಿ ಕೆಳಗೆ ಬಿಡಬೇಕು, ಕೆಳಗಿನವರು ಅದನ್ನು ಕೈಯಲ್ಲಿ ಹಿಡಿದು ಬುಟ್ಟಿಗೆ ಇಳಿಸಬೇಕು. ಪಿಡಿಚ್ಚೋ ಎಂದರೆ ಮಲಯಾಳದಲ್ಲಿ ಹಿಡ್ಕೋ ಎಂದು. ಕೊಡವ, ತಮಿಳು, ತುಳು, ಉರ್ದು ಎಲ್ಲ ಆಡುವ ನಮ್ಮ ಎಸ್ಟೇಟಿನಲ್ಲಿ ಅರ್ಥ ಹೇಳಿಕೊಡಬೇಕಾಗಿಲ್ಲದ ಮಾತು ಅದೊಂದೇ. ತಿಳಿಯುವಷ್ಟರಲ್ಲಿ ಹಣ್ಣು ತಲೆಯ ಮೇಲೆ ಬಂದಿರುತ್ತದೆ.

ಬೀಳಿಸಿದವರು ಅದನ್ನು ಮೆಲ್ಲಗೆ ಎತ್ತಿ ಒರೆಸಿ ಬುಟ್ಟಿಯೊಳಗೆ ಸೇರಿಸುವುದು ವಾಡಿಕೆಯಾಯಿತು. ಇಡೀ ಬುಟ್ಟಿಗಳೇ ಮೈಸೂರಿನಿಂದ ವಾಪಸಾದ ಮೇಲೆ ಅಪ್ಪ ಕಾನೂನು ಮಾಡಿದರು. ಬೀಳಿಸಿದ ಹಣ್ಣು ಬೀಳಿಸಿದವನದು. ಅದನ್ನು ಅವನು ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಒಯ್ಯಬೇಕು. ಎಸೆಯುವ ಹಾಗಿಲ್ಲ, ದಾನ ಮಾಡುವ ಹಾಗಿಲ್ಲ. ಇದಕ್ಕೆ ಲೈನಿನವರು ತಾವಾಗಿ ಒಂದು ತಿದ್ದುಪಡಿ ತಂದರು: ದಾರಿಯಲ್ಲಿ ಇನ್ನೊಬ್ಬನಿಗೆ "ಪಿಡಿಚ್ಚೋ" ಎಂದು ಕೂಗಿ ಎಸೆದು, ಅವನೂ ಬೀಳಿಸಿದರೆ, ಹಣ್ಣು ಅವನದಾಗುತ್ತದೆ. ಅಪ್ಪ ಅದನ್ನು ಒಪ್ಪಿದೆ ಎನ್ನಲಿಲ್ಲ, ಒಪ್ಪಲಿಲ್ಲ ಎಂದೂ ಹೇಳಲಿಲ್ಲ. ರೈಟರುಗಳ ಒಪ್ಪಿಗೆ ಇರುವುದೇ ಹಾಗೆ.

ಶಾಲೆಗೆ ರಜೆ ಬಂದರೆ ನಾನೂ ಮರದ ಕೆಳಗೆ ನಿಲ್ಲುತ್ತಿದ್ದೆ. ಸಂಜೆ ಎರಡು ಕಂಕುಳಲ್ಲಿ, ಎರಡು ಕೈಯಲ್ಲಿ, ಒಂದು ಗದ್ದದ ಕೆಳಗೆ ಹಣ್ಣು ಒತ್ತಿಕೊಂಡು ಲೈನಿನ ಮುಂದೆ ನಡೆದು ಬರುವಾಗ, ಮೆಟ್ಟಿಲ ಮೇಲೆ ಕೂತ ಹೆಂಗಸರು ತಲೆಗೂದಲು ಬಿಡಿಸಿಕೊಳ್ಳುತ್ತಾ, "ರೈಟ್ರ ಮಗಂದು ಇವತ್ತು ಐದು," ಎನ್ನುತ್ತಿದ್ದರು. ದಾರಿಯಲ್ಲಿ ಬೇರೆಯವರ ಹಣ್ಣೂ ನನಗೇ ಬರುತ್ತಿತ್ತು. ನನ್ನನ್ನು ಕಂಡರೆ ಸಾಕು, ಎಲ್ಲರಿಗೂ ಪಿಡಿಚ್ಚೋ ನೆನಪಾಗುತ್ತಿತ್ತು. ಅಮ್ಮ ಅವನ್ನೆಲ್ಲ ಬೆಲ್ಲ ಏಲಕ್ಕಿ ಹಾಕಿ ಕಿವುಚಿ ಕೊಡುತ್ತಿದ್ದಳು. ಉಳಿದದ್ದನ್ನು ತಲೆಗೆ ಹಚ್ಚುತ್ತಿದ್ದಳು. ನನ್ನ ಬಾಲ್ಯದ ದೇಹಪುಷ್ಟಿಗೂ ಕೇಶರಾಶಿಗೂ ನನ್ನ ಕೈಗಳ ಅಸಾಮರ್ಥ್ಯವೇ ಕಾರಣ. ಈಗ ಎರಡೂ ಇಲ್ಲ, ಅಸಾಮರ್ಥ್ಯ ಮಾತ್ರ ಉಳಿದಿದೆ.

ಅಕ್ಕ ಬೇರೆ ಜಾತಿ. ಸಾವಿತ್ರಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು, ಜೀವಮಾನದಲ್ಲಿ ಒಂದು ಹಣ್ಣನ್ನೂ ಕೈಯಲ್ಲಿ ಹಿಡಿದು ಮನೆಗೆ ಬಂದವಳಲ್ಲ. ಅವಳ ಮೊದಲ ಕ್ಯಾಚು ನಾನೇ. ಎರಡು ವರ್ಷದವನಿದ್ದಾಗ ಅಟ್ಟದ ಅಂಚಿನಿಂದ ಉರುಳಿದೆನಂತೆ. ಕೆಳಗೆ ಕಾಫಿಬೀಜ ಕೇರುತ್ತಿದ್ದ ಅವಳು ಮೊರ ಬಿಟ್ಟು ನನ್ನನ್ನು ಹಿಡಿದಳಂತೆ. "ಭಾರ," ಎಂದಷ್ಟೇ ಹೇಳಿ ಕೆಳಗಿಳಿಸಿ ಮತ್ತೆ ಮೊರ ಎತ್ತಿಕೊಂಡಳೆಂದು ಅಮ್ಮ ಹೇಳುತ್ತಿದ್ದಳು.

ಹೊಗಳುವ ವಿಷಯದಲ್ಲಿ ಅಕ್ಕ ಬಹಳ ಬಿಗಿ. ಅವಳ ಬಾಯಲ್ಲಿ ಬರುವ ಅತ್ಯುನ್ನತ ಪ್ರಶಸ್ತಿ "ಪರವಾಗಿಲ್ಲ". ಹೆಣ್ಣು ನೋಡಲು ಬಂದ ಭಾವನವರು ಹೋದ ಮೇಲೆ ಅವಳು "ಪರವಾಗಿಲ್ಲ" ಎಂದಾಗ ಮನೆಯಲ್ಲಿ ಆಗಲೇ ಪಾಯಸಕ್ಕೆ ಇಟ್ಟರು. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ "ಅಂತೂ" ಎಂದಳು. ರೈಟರ್ ಆದಾಗ "ಇನ್ಯಾರಿದ್ರು" ಎಂದಳು. ಪರವಾಗಿಲ್ಲ ನನಗೆ ಸಿಕ್ಕಿರಲಿಲ್ಲ. ನಾನೂ ಅರ್ಜಿ ಹಾಕುವುದನ್ನು ಬಿಟ್ಟಿದ್ದೆ.

ಹಿಡಿಯುವುದನ್ನು ಅವಳು ನನಗೆ ಕಲಿಸಲಿಲ್ಲವೆಂದಲ್ಲ. "ಹಣ್ಣಿಗೆ ಎದುರು ಹೋಗಬೇಡ್ವೋ. ಬರ್ಲಿ. ಬಂದ ಮೇಲೆ ಅದರ ಜೊತೆ ಕೈ ಕೆಳಗಿಳಿಬೇಕು, ಮಗೂನ ತೊಟ್ಟಿಲಿಗೆ ಹಾಕೋ ಹಾಗೆ." ನಾನು ಆಗಲೇ ಬುಟ್ಟಿ ಎಲ್ಲಿದೆ ಎಂದು ನೋಡುತ್ತಿದ್ದೆ. ದಪ್ಪೆಂದು ಶಬ್ದ. "ಎಷ್ಟು ಸಲ ಹೇಳಲಿ, ಹಣ್ಣನ್ನ ನೋಡು, ಬುಟ್ಟೀನ ನೋಡಬೇಡ. ಬುಟ್ಟಿ ಎಲ್ಲಿಗೂ ಓಡಿಹೋಗಲ್ಲ."

ಇಷ್ಟು ಚರಿತ್ರೆಯಾದ ಮೇಲೆ ಅಮೆರಿಕ ಬರುತ್ತದೆ.

ನಾನು ನಿವೃತ್ತನಾದ ಹೊತ್ತಿಗೆ ಎಸ್ಟೇಟಿನ ಹಳೆಯ ಬಂಗಲೆ ಹೋಮ್‌ಸ್ಟೇ ಆಗಿತ್ತು. ಬರುವ ಅತಿಥಿಗಳಿಗೆ ತೋಟ ತೋರಿಸುವ ಕೆಲಸವನ್ನು ಧಣಿಗಳು ನನಗೆ ಒಪ್ಪಿಸಿದರು, ನನಗೆ ಇಂಗ್ಲಿಷ್ ಬರುತ್ತದೆ ಎಂಬ ನಂಬಿಕೆಯಿಂದ. ನನ್ನ ಇಂಗ್ಲಿಷ್ ಪೂರ್ತಿ ಎಸ್ಟೇಟಿನ ಪತ್ರವ್ಯವಹಾರದಿಂದ ಬಂದದ್ದು. ಊಟಕ್ಕೆ ಕರೆಯುವಾಗಲೂ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಂದೇ ಶುರುವಾಗುತ್ತದೆ.

ಒಂದು ಸೆಪ್ಟೆಂಬರಿನಲ್ಲಿ ವಿಲ್ಬರ್ ಎಂಬವರು ಬಂದರು. ಅಮೆರಿಕದ ಒಂದು ಸಣ್ಣ ಊರಿನಲ್ಲಿ ಕಾಫಿಬೀಜ ಹುರಿದು ಮಾರುವ ಅಂಗಡಿ ಅವರದು. ಕಾಫಿ ಬೆಳೆಯುವ ಜಾಗ ನೋಡಬೇಕೆಂದು ಹೊರಟವರು ಹೂವಿಗೆ ತೀರ ತಡವಾಗಿ, ಪಿಕ್ಕಿಂಗಿಗೆ ತೀರ ಬೇಗ, ನೋಡಲು ಏನೂ ಇಲ್ಲದ ತಿಂಗಳನ್ನು ಆರಿಸಿ ಬಂದಿದ್ದರು. ಅರುವತ್ತು ದಾಟಿದ ಕಪ್ಪು ಮನುಷ್ಯ. ಬಂಗಲೆಯ ಬಾಗಿಲಿಗೆ ಪ್ರತಿಸಲ ನಮಸ್ಕಾರ ಮಾಡಿಯೇ ಒಳಬರಬೇಕಾದ ಎತ್ತರ. ಕೈಕುಲುಕಿದಾಗ ನನಗೆ ಗಾಬರಿಯಾಯಿತು. ಹತ್ತು ಬೆರಳು ಹತ್ತು ದಿಕ್ಕಿಗೆ ನೋಡುತ್ತಿದ್ದವು. ಅಕ್ಕ ಅವರನ್ನು ಬೇಲಿಯಾಚೆಯಿಂದ ಒಮ್ಮೆ ನೋಡಿ "ಉದ್ದಪ್ಪ" ಎಂದು ನಾಮಕರಣ ಮಾಡಿದಳು.

ಸಂಜೆ ಅವರು ಬಂಗಲೆಯ ಜಗಲಿಯಲ್ಲಿ ಕೂರುತ್ತಿದ್ದರು. ತೊಡೆಯ ಮೇಲೆ ಆ ಚೆಂಡು. ಆಡುತ್ತಿರಲಿಲ್ಲ, ಎಸೆಯುತ್ತಿರಲಿಲ್ಲ, ಬರೀ ಇಟ್ಟುಕೊಂಡಿರುತ್ತಿದ್ದರು. ಮೂರನೆಯ ಸಂಜೆ ನಾನು ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿಚಾರಿಸಿದೆ. ಆಗ ತಿಳಿಯಿತು, ಅವರು ಒಂದು ಕಾಲದಲ್ಲಿ ಅದೇ ಆಟವನ್ನು ಸಂಬಳಕ್ಕೆ ಆಡುತ್ತಿದ್ದವರು. ಹುದ್ದೆಯ ಹೆಸರು ವೈಡ್ ರಿಸೀವರ್.

ಆ ಆಟವನ್ನು ಅವರು ನನಗೆ ಐದಾರು ಸಂಜೆ ತಿಳಿಸಿ ಹೇಳಿದರು. ನನಗೆ ತಿಳಿದಷ್ಟನ್ನು ನಿಮಗೆ ಹೇಳುತ್ತೇನೆ. ಹೆಸರು ಫುಟ್‌ಬಾಲ್, ಆದರೆ ಕೆಲಸವೆಲ್ಲ ಕೈಯಲ್ಲಿ. ರೈಟರ್ ಎನ್ನಿಸಿಕೊಂಡು ಬದುಕಿದವನು ಅದನ್ನು ಪ್ರಶ್ನೆ ಮಾಡಬಾರದು. ಕೆಲವು ಸೆಕೆಂಡು ಆಡುತ್ತಾರೆ, ಆಮೇಲೆ ಗುಂಪುಗೂಡಿ ತಲೆತಗ್ಗಿಸಿ ಸಭೆ ಮಾಡುತ್ತಾರೆ. ಮತ್ತೆ ಕೆಲವು ಸೆಕೆಂಡು, ಮತ್ತೆ ಸಭೆ. ಕೆಲಸಕ್ಕಿಂತ ಸಭೆಯೇ ಹೆಚ್ಚು ಎಂಬುದು ನಮಗೂ ಹೊಸತಲ್ಲ. ನಡುವೆ ದೈತ್ಯರು ಒಬ್ಬರನ್ನೊಬ್ಬರು ಗುದ್ದಿಕೊಳ್ಳುವಾಗ, ವೈಡ್ ರಿಸೀವರ್ ಎಂಬವನು ಸಾಲಿನ ತೀರ ಅಂಚಿನಲ್ಲಿ ಒಬ್ಬನೇ ನಿಂತಿರುತ್ತಾನೆ. ಶುರು ಎಂದೊಡನೆ ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಓಡುತ್ತಾನೆ. ಎಸೆಯುವವನು ಮನಸ್ಸು ಮಾಡಿದರೆ ಚೆಂಡು ಅವನಿಗೆ ಬರುತ್ತದೆ. ಸಾಮಾನ್ಯವಾಗಿ ಮನಸ್ಸು ಮಾಡುವುದಿಲ್ಲ.

"ಅಂದರೆ ಬರದ ಚೆಂಡಿಗಾಗಿ ಓಡೋದೇ ನಿಮ್ಮ ಕೆಲಸವಾ?" ಎಂದು ಕೇಳಿದೆ.

"ಬರೀ ಓಡೋದಲ್ಲ ಮಿಸ್ಟರ್ ಚಂದ್ರ. ನನಗೇ ಬರುತ್ತೆ ಅಂತ ಎದುರಿನವನನ್ನ ನಂಬಿಸುತ್ತಾ ಓಡೋದು."

ಈ ಉದ್ಯೋಗದ ಮೇಲೆ ನನಗೆ ಒಮ್ಮೆಲೇ ಗೌರವ ಬಂತು.

ಅವರು ಆಟಕ್ಕೆ ಸೇರಿದ್ದೂ ಸುಲಭದಲ್ಲಲ್ಲ. ಕಾಲೇಜಿನ ಹುಡುಗರನ್ನು ತಂಡಗಳು ಹೆಸರು ಕರೆದು ಆರಿಸಿಕೊಳ್ಳುವ ದಿನ, ಮನೆಯವರೆಲ್ಲ ಫೋನಿನ ಸುತ್ತ ಕೂತರು. ಅಡುಗೆ ಆರಿತು, ಮತ್ತೆ ಬಿಸಿ ಮಾಡಿದರು, ಮತ್ತೆ ಆರಿತು. ಕೊನೆಯ ಹೆಸರುಗಳ ಹತ್ತಿರ ಇವರದು ಬಂತು. ಎರಡು ವರ್ಷ ಬೇರೆಯವರ ಅಭ್ಯಾಸಕ್ಕೆ ಎದುರಾಳಿಯ ವೇಷ ಹಾಕಿ ಓಡಿದರು. ಮೂರನೆಯ ವರ್ಷ ಒಬ್ಬನ ಕಾಲು ಮುರಿದು ಇವರಿಗೆ ಜಾಗವಾಯಿತು. ಆಮೇಲೆ ಆರು ವರ್ಷ ಆಡಿದರು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, ಇದು ಮೊದಲನೆಯ ವರ್ಷ, ಇದು ಮಂಜು ಬಿದ್ದ ದಿನ, ಇದು ಮದುವೆಯ ಹಿಂದಿನ ವಾರ ಎಂದು ತೋರಿಸಿದರು. ಚೆಕ್‌ರೋಲ್ ಪುಸ್ತಕವನ್ನು ಕೈಯಲ್ಲೇ ಇಟ್ಟುಕೊಂಡ ಒಬ್ಬನನ್ನು ಅಂದೇ ನಾನು ಕಂಡದ್ದು.

ಚೆಂಡಿನ ಕತೆಯನ್ನು ಅವರು ಹೊಳೆಯ ಕಡೆ ನೋಡಿಕೊಂಡು ಹೇಳಿದರು. ಆ ವರ್ಷದ ಕೊನೆಯ ದೊಡ್ಡ ಆಟ. ಮುಗಿಯಲು ಒಂದು ನಿಮಿಷವೂ ಇಲ್ಲ. ಅಂಚಿನಲ್ಲಿ ಓಡಿದ್ದಾರೆ, ಹಿಂದೆ ಮುಂದೆ ಯಾರೂ ಇಲ್ಲ. ಎಸೆಯುವವನು ಅಪರೂಪಕ್ಕೆ ಮನಸ್ಸು ಮಾಡಿದ. ಚೆಂಡು ಅಷ್ಟು ಚೆನ್ನಾಗಿ ಬಂತಂತೆ, ಕೈಗೆ ತಂದುಕೊಟ್ಟ ಹಾಗೆ. ಹಿಡಿಯುವ ಮೊದಲೇ ಇವರು ತಾವು ಓಡಿ ಮುಟ್ಟಬೇಕಾದ ಗೆರೆಯ ಕಡೆ ನೋಡಿದರು. ಚೆಂಡು ಬೆರಳಿಗೆ ತಾಗಿ ಬಿತ್ತು.

ಯಾರೂ ಬೈಯಲಿಲ್ಲ. ಮುಂದಿನ ವರ್ಷ ಶುರುವಾಗುವ ಮುಂಚೆ ಒಬ್ಬ ಸಹಾಯಕ ಬಂದು ಬಾಗಿಲು ತಟ್ಟಿ, "ದೊಡ್ಡವರು ಕರೀತಿದ್ದಾರೆ, ಪುಸ್ತಕ ತಗೊಂಡು ಬಾ," ಎಂದ. ತಂಡದ ಆಟಗಳನ್ನೆಲ್ಲ ಬರೆದ ಪುಸ್ತಕ ಒಬ್ಬೊಬ್ಬರಲ್ಲೂ ಇರುತ್ತದಂತೆ. ಅದನ್ನು ತರಲು ಹೇಳಿದರೆ ಕೆಲಸ ಹೋಯಿತೆಂದೇ ಅರ್ಥ. ನಮ್ಮಲ್ಲೂ ಮ್ಯಾನೇಜರು ರೈಟರನ್ನು ಬರಹೇಳಿದರೆ ಭಯವಿಲ್ಲ. ಚೆಕ್‌ರೋಲ್ ಸಮೇತ ಬರಹೇಳಿದರೆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ.

ಸಾಮಾನು ಕಟ್ಟಿ ಊರಿಗೆ ಬಂದು ಚೀಲ ಬಿಚ್ಚಿದಾಗ ಒಳಗೆ ಆ ಚೆಂಡಿತ್ತು, ಅವರು ಬೀಳಿಸಿದ ಅದೇ ಚೆಂಡು. ಯಾರು ಇಟ್ಟರೋ, ಕನಿಕರಕ್ಕೋ ಕುಚೋದ್ಯಕ್ಕೋ, ತಿಳಿಯದು. ಅಂದಿನಿಂದ ಅವರು ಯಾರು ಏನು ಎಸೆದರೂ ಹಿಡಿದವರಲ್ಲ. ಬೀಗದ ಕೈ ಎಸೆದರೂ ಪಕ್ಕಕ್ಕೆ ಸರಿಯುತ್ತಾರೆ. ಚೆಂಡನ್ನು ಕಳೆಯಲು ನೋಡಿದರು. ತಮ್ಮ ಸೋದರಳಿಯನಿಗೆ ಕೊಟ್ಟರೆ ಅವನು ಅಪಶಕುನವೆಂದು ವಾಪಸು ತಂದ. ಚರ್ಚಿನ ಹರಾಜಿಗೆ ಕೊಟ್ಟರೆ ಗೆಳೆಯನೊಬ್ಬ ಅದನ್ನು ಕೊಂಡು ಇವರ ಹುಟ್ಟುಹಬ್ಬಕ್ಕೇ ಉಡುಗೊರೆ ಮಾಡಿದ.

"ಇಷ್ಟು ದೂರ ತಂದಿದ್ದು ಅದಕ್ಕೇ," ಎಂದರು. "ಇಲ್ಲಿ ಬಿಟ್ಟು ಹೋಗಬೇಕು. ಇದರ ಜೊತೆ ಮತ್ತೆ ವಿಮಾನ ಹತ್ತೋ ಶಕ್ತಿ ನನಗಿಲ್ಲ."

ಮಾರನೆಯ ದಿನ ಅವರು ಒಬ್ಬರೇ ಹೊಳೆಗೆ ಹೋಗಿ ಅದನ್ನು ಕಾವೇರಿಗೆ ಎಸೆದು ಬಂದರು. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ತೆಂಗಿನಕಾಯಿ ತೇಲಿಬಂದರೂ ಯಾರದೆಂದು ವಿಚಾರಿಸುವ ಜನ ನಮ್ಮವರು. ಮರುದಿನ ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ನಮ್ಮ ಮರ ಹತ್ತುವ ಮೊಯ್ದು ಜಗಲಿಯ ಕೆಳಗೆ ಹಾಜರಾದ. ಲುಂಗಿ ಒದ್ದೆ, ಕೈಯಲ್ಲಿ ಚೆಂಡು.

"ರೈಟ್ರೇ, ಸಾಹೇಬ್ರ ಸಾಮಾನು ಹೊಳೆಗೆ ಬಿದ್ದಿತ್ತು. ಕೆಳಗಿನ ಕಡವಿನಲ್ಲಿ ಬಲೆಗೆ ಸಿಕ್ತು. ಒರೆಸಿ ಎಣ್ಣೆ ಹಚ್ಚಿದ್ದೇನೆ. ಇನ್ನು ಹತ್ತು ವರ್ಷಕ್ಕೆ ಎಂತದೂ ಆಗುದಿಲ್ಲ ಅಂತ ಹೇಳಿ."

ಹತ್ತು ವರ್ಷದ ಭರವಸೆಯನ್ನು ನಾನು ಅನುವಾದಿಸಿದೆ. ವಿಲ್ಬರ್ ಎರಡೂ ಕೈಯಲ್ಲಿ ಚೆಂಡನ್ನು ಇಸಿದುಕೊಂಡು ಥ್ಯಾಂಕ್ಸ್ ಎಂದರು. ಅಷ್ಟು ದುಃಖದ ಥ್ಯಾಂಕ್ಸನ್ನು ನಾನು ಕೇಳಿಲ್ಲ.

ಅವರು ಹೊರಡಲು ಮೂರು ದಿನ ಉಳಿದಿತ್ತು. ಮಳೆ ಬಿಟ್ಟು ಹೊಳವಾದ ಆ ದಿನ ಬೇಲಿಯ ಹಳೆಯ ಬಟರ್ ಫ್ರೂಟ್ ಮರಗಳ ಕೊಯ್ಲು ಇತ್ತು. ಈಗ ಉದ್ದ ಕೋಲಿಗೆ ಬಲೆಚೀಲ ಕಟ್ಟಿ ಕೊಯ್ಯುತ್ತಾರೆ. ಕೋಲು ಎಟುಕದ ಮೂರು ಮರಗಳಿಗೆ ಮಾತ್ರ ಇವತ್ತಿಗೂ ಮೇಲೆ ಮೊಯ್ದು ಬೇಕು, ಕೆಳಗೆ ಎಪ್ಪತ್ತು ದಾಟಿದ ಸಾವಿತ್ರಕ್ಕ ಬೇಕು. ಭಾವನವರು ಹೋದ ಮೇಲೆ ಅವಳು ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ. ಸೆರಗು ಸೊಂಟಕ್ಕೆ ಬಿಗಿದು ನಿಂತಳು.

"ಪಿಡಿಚ್ಚೋ," ಎಂದ ಮೊಯ್ದು.

ಹಣ್ಣು ಬಂತು, ಅಕ್ಕನ ಕೈ ಅದರ ಜೊತೆ ಇಳಿಯಿತು, ಶಬ್ದವೇ ಆಗಲಿಲ್ಲ. ಮತ್ತೊಂದು, ಮಗದೊಂದು. ವಿಲ್ಬರ್ ಬೇಲಿಯ ಕಲ್ಲಿನ ಮೇಲೆ ಕೂತು ನೋಡುತ್ತಿದ್ದವರು ಎದ್ದು ನಿಂತರು. "ಈಕೆಗೆ ಯಾರು ಕಲಿಸಿದರು?" ಎಂದು ಕೇಳಿದರು. ನಾನು ಅಕ್ಕನನ್ನು ಕೇಳಿದೆ.

"ಕಲಿಸೋದೇನು ಬಂತು? ಹಣ್ಣನ್ನ ನೋಡಬೇಕು, ಬುಟ್ಟೀನ ನೋಡಬಾರದು. ಅಷ್ಟೇ. ಇದನ್ನೂ ಅಮೆರಿಕಾದಿಂದ ಬಂದು ಕೇಳ್ತಾರಾ?"

ಅನುವಾದಿಸಿದೆ. ವಿಲ್ಬರ್ ತಮ್ಮ ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡರು. ನಾನು ಎಲ್ಲಿ ತಪ್ಪು ಇಂಗ್ಲಿಷ್ ಹೇಳಿದೆನೋ ಎಂದು ಮನಸ್ಸಿನಲ್ಲೇ ವಾಕ್ಯ ತಿದ್ದುತ್ತಿದ್ದೆ. ಕೊನೆಗೆ ಅವರು, "ಬೀಳಿಸಿದರೆ ಏನು ಮಾಡುತ್ತೀರಿ?" ಎಂದರು.

ನಾನು ಎದೆಯುಬ್ಬಿಸಿ ಅಪ್ಪನ ಕಾನೂನನ್ನು ತಿದ್ದುಪಡಿ ಸಮೇತ ಹೇಳಿದೆ. ಬೀಳಿಸಿದ್ದು ಬೀಳಿಸಿದವನದು, ಕೈಯಲ್ಲಿ ಹಿಡಿದೇ ತಿರುಗಬೇಕು, ಎಸೆಯಬಾರದು, ದಾನ ಮಾಡಬಾರದು. ಹೇಳುತ್ತಾ ಹೋದ ಹಾಗೆ ಅವರ ಮುಖ ಬದಲಾಯಿತು. ತನ್ನ ಕಾಯಿಲೆಗೆ ಹೆಸರಿದೆ ಎಂದು ಡಾಕ್ಟರ ಬಾಯಲ್ಲಿ ಮೊದಲ ಸಲ ಕೇಳಿದವನ ಮುಖ ಅದು. ತಿದ್ದುಪಡಿಯನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ನೋಯುವ ಮಂಡಿಯಲ್ಲೇ ದಾಪುಗಾಲು ಹಾಕುತ್ತಾ ಬಂಗಲೆಗೆ ಹೋಗಿ ಚೆಂಡು ತಂದರು.

"ಈ ಕಾನೂನು ಹೊರಗಿನವರಿಗೂ ಅನ್ವಯಿಸುತ್ತದಾ?"

"ಬೇಲಿಯೊಳಗೆ ಇರುವವರೆಗೆ ಎಲ್ಲರಿಗೂ," ಎಂದೆ. ಕುರ್ಚಿ ಹೋಗಿದ್ದರೂ ನಾನು ಸ್ವಲ್ಪ ಎಡಕ್ಕೆ ವಾಲಿಯೇ ಹೇಳಿದೆ.

ಮೊದಲು ಮೊಯ್ದುವನ್ನು ಮರದಿಂದ ಇಳಿಸಿದ್ದಾಯಿತು. ವಿಲ್ಬರ್ "ಪಿಡಿಚ್ಚೋ" ಎಂದರು, ಅವರ ಬಾಯಲ್ಲಿ ಅದು ಸೀನಿದ ಹಾಗೆ ಬಂತು. ಮೊಯ್ದು ಒಂದೇ ಕೈಯಲ್ಲಿ ಹಿಡಿದು ಹಲ್ಲುಬಿಟ್ಟ. ಹೋಗಿ ಮರ್ಯಾದೆಯಿಂದ ಅವರ ಕೈಗೇ ಒಪ್ಪಿಸಿದ. ಸಹಾಯ ಮಾಡಿದೆನೆಂದೇ ಅವನ ಎಣಿಕೆ.

ಆಮೇಲೆ ಅಕ್ಕ. ನಾನು ಕಿವಿಯಲ್ಲಿ ಹೇಳಿದೆ, "ಅಕ್ಕಾ, ಒಂದು ಸಲ ಬೀಳಿಸೇ. ಪಾಪ, ಅವರಿಗೆ ಅದು ಕಳೀಬೇಕಂತೆ."

"ನಾನಾ?" ಎಂದು ನನ್ನನ್ನು ನೋಡಿದಳು. ಆ ನೋಟಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಚೆಂಡು ಬಂತು, ಕೈ ಇಳಿಯಿತು, ಶಬ್ದವಿಲ್ಲ. "ಇದಕ್ಕೆ ತೂಕವೇ ಇಲ್ಲವಲ್ಲೋ," ಎಂದು ತಿರುಗಿಸಿ ನೋಡಿ ವಾಪಸು ಕೊಟ್ಟಳು.

ವಿಲ್ಬರ್ ಚೆಂಡನ್ನು ಎದೆಗೆ ಒತ್ತಿಕೊಂಡು ನಿಂತರು. ಇಷ್ಟೆತ್ತರದ ಮನುಷ್ಯ ಇಷ್ಟು ಗಿಡ್ಡವಾಗಿ ಕಂಡದ್ದು ಅದೇ ಮೊದಲು. ಇನ್ನು ಉಳಿದವನು ನಾನೊಬ್ಬ. ಮೊಯ್ದು ನಕ್ಕ. "ರೈಟ್ರಿಗೆ ಕೊಡಿ ಸಾಹೇಬ್ರೇ. ಅವರ ಕೈಯಲ್ಲಿ ಎಂತದೂ ನಿಲ್ಲುದಿಲ್ಲ. ಗ್ಯಾರಂಟಿ."

ನಾನು ಹೋಗ್ಲಿ ಬಿಡಿ ಎಂಬ ಮುಖ ಮಾಡಿಕೊಂಡು ಎದುರಿಗೆ ನಿಂತೆ. "ಪಿಡಿಚ್ಚೋ," ಎಂದರು. ಚೆಂಡು ತಿರುಗುತ್ತಾ ಬಂತು. ನನ್ನ ಕೈ ಮುಂದೆ ಹೋಯಿತು. ಆಮೇಲೆ ಚೆಂಡು ನೆಲದ ಮೇಲಿತ್ತು. ದಾಖಲೆಯಲ್ಲಿ ಇರುವುದು ಇಷ್ಟೇ.

ಮೊಯ್ದು ತೊಡೆ ತಟ್ಟಿ ನಕ್ಕ. ವಿಲ್ಬರ್ ನಗಲಿಲ್ಲ. ನೆಲದ ಮೇಲಿದ್ದ ಚೆಂಡನ್ನು ನೋಡಿದರು, ನನ್ನ ಕೈಗಳನ್ನು ನೋಡಿದರು, "ಹಾಗಾದರೆ ಇದು ನಿಮ್ಮದು?" ಎಂದರು.

"ನನ್ನದು," ಎಂದೆ. "ವಾಪಸು ಕೊಡುವ ಹಾಗಿಲ್ಲ. ಕಾನೂನು."

ಅವರು ಬೇಲಿಯ ಕಲ್ಲಿನ ಮೇಲೆ ಕೂತು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಬಿಸಿಲು ಅಷ್ಟೇನೂ ಇರಲಿಲ್ಲ. ನಾನು ಕಾನೂನಿನ ಪ್ರಕಾರ ಚೆಂಡನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಲೈನಿನ ಮುಂದೆ ನಡೆದು ಮನೆಗೆ ಬಂದೆ. ಮೆಟ್ಟಿಲ ಮೇಲೆ ಈಗ ಬೇರೆ ಹೆಂಗಸರು, ಅವರ ಕೈಯಲ್ಲಿ ಮೊಬೈಲು. ಆದರೂ ಒಬ್ಬಳು ತಲೆಯೆತ್ತಿ, "ರೈಟ್ರು ಇವತ್ತು ಒಂದು," ಎಂದಳು. ಎಷ್ಟೋ ವರ್ಷದ ಮೇಲೆ ಕೇಳಿದ ಆ ಲೆಕ್ಕ ಕಿವಿಗೆ ಹಿತವಾಗಿತ್ತು.

ಉಳಿದ ಎರಡು ದಿನ ವಿಲ್ಬರ್ ಅಕ್ಕನ ಪಕ್ಕದಲ್ಲಿ ನಿಂತು ಹಣ್ಣು ಹಿಡಿದರು. ಮೊದಲನೆಯದಕ್ಕೆ ಪಕ್ಕಕ್ಕೆ ಸರಿದರು, ಅದು ಅವರ ಪಾಲಾಯಿತು. ಎರಡನೆಯದನ್ನು ಆ ಹತ್ತು ದಿಕ್ಕಿನ ಬೆರಳುಗಳು ಎಲ್ಲ ದಿಕ್ಕಿನಿಂದಲೂ ಬಂದು ಹಿಡಿದವು. ಸಂಜೆಯ ತನಕ ಮತ್ತೆ ಬೀಳಿಸಲಿಲ್ಲ. ಅಕ್ಕ ಬುಟ್ಟಿಯ ಬಾಯಿ ಕಟ್ಟುತ್ತಾ, "ಉದ್ದಪ್ಪ ಪರವಾಗಿಲ್ಲ," ಎಂದಳು. ನಾನು ಅದನ್ನು ಅನುವಾದಿಸಲು ಹೋಗಿ ಸೋತೆ. ಅದರ ಬೆಲೆ ತಿಳಿಸಬೇಕಾದರೆ ಭಾವನವರ ಪಾಯಸದಿಂದ ಶುರುಮಾಡಬೇಕಿತ್ತು. ಈಗಲೂ ವರ್ಷಕ್ಕೊಮ್ಮೆ ಅವರಿಂದ ನನ್ನ ಮೊಬೈಲಿಗೆ ಫೋಟೋ ಬರುತ್ತದೆ. ಮೊಮ್ಮಗಳು ಎಸೆದ ಏನನ್ನೋ ಹಿಡಿದುಕೊಂಡು ನಿಂತ ಅಜ್ಜ. ಒಮ್ಮೆ ಸೇಬು, ಒಮ್ಮೆ ಟೋಪಿ, ಒಮ್ಮೆ ಬೆಕ್ಕು.

ಮೊನ್ನೆ ಅಕ್ಕ ಅಕ್ಕಿ ಕೇಳಿಕೊಂಡು ಬಂದಳು. ಲಲಿತ ಎಂದಿನ ಹಾಗೆ ಚೆಂಡು ಎತ್ತಿ ಅವಳ ಕೈಗೆ ಕೊಟ್ಟು ಮುಚ್ಚಳ ತೆಗೆಯುತ್ತಾ, "ನೋಡಿ ಅತ್ತಿಗೆ, ಒಂದು ಚೆಂಡು ಹಿಡಿಯಕ್ಕೆ ಬರಲಿಲ್ಲ ಇವರಿಗೆ. ಅದಕ್ಕೆ ನಾನು ದಿನಾ ಇದನ್ನ ಎತ್ತಿಡಬೇಕು," ಎಂದಳು.

ಅಕ್ಕ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಲಲಿತ ಸೇರು ತರಲು ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು.

"ಅವತ್ತು ನಿನ್ನ ಕೈ ತೊಟ್ಟಿಲ ಹಾಗೆ ಇಳಿದಿತ್ತಲ್ಲೋ ಚಂದ್ರು."

"ಬಿತ್ತಲ್ಲಕ್ಕ."

"ಬಿತ್ತು. ಒಂದು ಎರಡು ಎಣಿಸೋಷ್ಟು ಹೊತ್ತು ಕೈಯಲ್ಲಿತ್ತು, ಆಮೇಲೆ ಬಿತ್ತು. ನಾನು ಹಣ್ಣನ್ನ ನೋಡೋಳು ಕಣೋ."

ನಾನು ಡ್ರಮ್ಮಿನೊಳಗೆ ಎಷ್ಟು ಅಕ್ಕಿ ಉಳಿದಿದೆ ಎಂದು ಬಗ್ಗಿ ನೋಡಿದೆ. ಅವತ್ತು ಚೆಂಡು ಕೈಗೆ ಬಂದಾಗ ಬೆಚ್ಚಗಿತ್ತು. ಅಷ್ಟು ಹೊತ್ತು ವಿಲ್ಬರ್ ಅದನ್ನು ಎದೆಗೆ ಒತ್ತಿಕೊಂಡಿದ್ದರಲ್ಲ.

ಲಲಿತ ಸೇರು ತಂದು ಅಕ್ಕಿ ಅಳೆದು ಮುಚ್ಚಳ ಹಾಕಿದಳು. ಅಕ್ಕ ಚೆಂಡನ್ನು ಅದರ ಮೇಲೆ ಮಲಗಿಸಿ, ಉರುಳದ ಹಾಗೆ ಒಂದು ಸಲ ಒತ್ತಿದಳು. ಚೀಲ ಎತ್ತಿಕೊಂಡು ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿ, ಬೇಲಿಯ ಹತ್ತಿರ ಹೋದ ಮೇಲೆ ತಿರುಗಿ ನೋಡದೆಯೇ ಅಂದಳು:

"ಪರವಾಗಿಲ್ಲ."